ಕೊಳ್ಳುವವನು ಒಬ್ಬ, ನೋಡುವವರು ನೂರು

ತಡೆದವರು: ಕ್ಯೂಬಾಕ್ಕೆ ಹೋಗುತ್ತೀರಿ, ಹವಾನಾ ನೋಡುತ್ತೀರಿ, ಸರಿ. ಅಲ್ಲಿಂದ ಪಶ್ಚಿಮಕ್ಕೆ ನೂರೆಂಬತ್ತು ಕಿಲೋಮೀಟರ್ ಬಸ್ಸಿನಲ್ಲಿ ಕೂತು ವಿನ್ಯಾಲೆಸ್ ಕಣಿವೆಗೆ ಹೋಗಿ, ಹೊಗೆಸೊಪ್ಪು ಬೆಳೆಯುವವರ ಮನೆ ಮುಂದೆ ನಿಲ್ಲುವ ಹಟ ಯಾಕೆ ಸ್ವಾಮಿ? ಅಲ್ಲಿಗೆ ಹೋದವರೆಲ್ಲ ಒಂದೇ ಚಿತ್ರ ತಂದು ತೋರಿಸುತ್ತಾರೆ: ಕೆಂಪು ಮಣ್ಣು, ಜೋಡೆತ್ತು, ಹುಲ್ಲಿನ ಟೋಪಿ, ಟೋಪಿಯ ಕೆಳಗೆ ಬಾಯಲ್ಲಿ ಸಿಗಾರ್ ಕಚ್ಚಿದ ರೈತ. ಆ ಟೋಪಿ ಬಿಸಿಲಿಗೆ ಇಟ್ಟದ್ದೋ ಕ್ಯಾಮೆರಾಕ್ಕೆ ಇಟ್ಟದ್ದೋ ಯಾರಿಗೆ ಗೊತ್ತು. ಹೊಲದ ಕೆಲಸ ನಿಲ್ಲಿಸಿ, ಒಣಮನೆಯೊಳಗೆ ಕರೆದು, ಎಲೆ ಸುತ್ತಿ, ತುದಿಗೆ ಜೇನು ಹಚ್ಚಿ ಕೊಟ್ಟು, ಕೊನೆಗೆ ದುಡ್ಡು ಕೇಳುತ್ತಾರೆ. ಇದನ್ನು ಸಾಂಪ್ರದಾಯಿಕ ಕೃಷಿ ಎನ್ನುವುದಾದರೆ ದಸರಾ ವಸ್ತುಪ್ರದರ್ಶನದ ಮಳಿಗೆಯನ್ನೂ ಹಾಗೇ ಕರೆಯಬಹುದು.

ಹೊರಟವರು: ಟೋಪಿಯ ಮಾತು ಒಪ್ಪಿದೆ ಮೇಷ್ಟ್ರೇ. ಆದರೆ ನೀವು ಅದನ್ನು ಆರೋಪವಾಗಿ ಹೇಳಿದಿರಿ, ನನಗೆ ಅದು ಜಮಾಖರ್ಚಿನ ಪುಸ್ತಕದ ಸಾಲಿನ ಹಾಗೆ ಕೇಳಿಸಿತು. ವಿನ್ಯಾಲೆಸ್‌ನ ರೈತನ ಹತ್ತಿರ ಮಾರುವುದಕ್ಕೆ ಎರಡು ಸರಕಿವೆ. ಒಂದು ಎಲೆ. ಅದಕ್ಕೆ ಗಿರಾಕಿ ಒಬ್ಬನೇ, ಸರ್ಕಾರ; ದರ ಹೇಳುವವನೂ ಗಿರಾಕಿಯೇ. ಇನ್ನೊಂದು ನೀವು ಹಂಗಿಸಿದ ಆ ಅರ್ಧ ಗಂಟೆ. ಅದಕ್ಕೆ ದಿನಕ್ಕೊಬ್ಬ ಹೊಸ ಗಿರಾಕಿ, ದರ ಹೇಳುವವನು ರೈತ. ಸುಗ್ಗಿ ಮುಗಿದ ಮೇಲೆ ಹತ್ತರಲ್ಲಿ ಒಂಬತ್ತು ಪಾಲು ಎಲೆ ಸರ್ಕಾರಕ್ಕೆ, ಒಂದು ಪಾಲು ಮನೆಗೆ ಎಂಬುದು ಆ ಕಣಿವೆಯಲ್ಲಿ ಎಲ್ಲರ ಬಾಯಲ್ಲಿರುವ ಲೆಕ್ಕ. ಮನೆಗೆ ಉಳಿದ ಆ ಒಂದು ಪಾಲೇ ಒಣಮನೆಯಲ್ಲಿ ಸಿಗಾರ್ ಆಗಿ ಬಂದವರ ಕೈಗೆ ಹೋಗುವುದು. ಹಾಗಾಗಿ ನನ್ನ ವಾದ ಇಷ್ಟೇ: ನೀವು ನಾಟಕ ಎನ್ನುವ ಜಾಗದಲ್ಲೇ ಆ ರೈತ ತನ್ನ ಬೆಳೆಗೆ ತಾನೇ ಬೆಲೆ ಕಟ್ಟುವುದು. ಉಳಿದ ವ್ಯವಹಾರವೆಲ್ಲ ಅವನ ಕೈ ಮೀರಿದ್ದು. ಅಲ್ಲಿಗೆ ಹೋಗುವವರು ಎತ್ತು ನೋಡಲು ಹೋದರೆ ನಿಮ್ಮ ಹಂಗಣೆ ಸಲ್ಲುತ್ತದೆ. ಈ ಎರಡು ಸರಕಿನ ನಡುವಿನ ಅಂತರ ನೋಡಲು ಹೋದರೆ ಸಲ್ಲುವುದಿಲ್ಲ.

ತಡೆದವರು: ಒಬ್ಬನೇ ಗಿರಾಕಿ ಎಂದ ಕೂಡಲೇ ಅನ್ಯಾಯ ಎಂದು ಯಾಕೆ ತಿಳಿಯಬೇಕು? ಖಾತ್ರಿ ಕೊಳ್ಳುವವನಿದ್ದಾನೆ, ಸಾಲ, ಗೊಬ್ಬರ, ಸಸಿ ಮಡಿಗೆ ಬೇಕಾದ್ದು ಸಿಗುತ್ತದೆ. ಬೆಲೆ ಬಿದ್ದ ವರ್ಷ ಟೊಮೆಟೊ ರಸ್ತೆಗೆ ಸುರಿಯುವ ನಮ್ಮ ರೈತನಿಗಿಂತ ಮೇಲಲ್ಲವೇ? ಅದೂ ಅಲ್ಲದೆ ಕ್ಯೂಬಾದ ಹೊಗೆಸೊಪ್ಪು ಸಣ್ಣ ಹಿಡುವಳಿಯವರ, ಸ್ವತಂತ್ರರ ಬೆಳೆ, ಕಬ್ಬು ದೊಡ್ಡ ತೋಟದ, ಗುಲಾಮರ ಬೆಳೆ ಎಂದು ಕ್ಯೂಬಾದ ವಿದ್ವಾಂಸ ಫೆರ್ನಾಂದೊ ಓರ್ತಿಸ್ 1940ರಲ್ಲೇ ಎರಡನ್ನೂ ಎದುರುಬದುರು ನಿಲ್ಲಿಸಿ ಪುಸ್ತಕ ಬರೆದರಲ್ಲ. ಸ್ವತಂತ್ರರು ಎಂದ ಮೇಲೆ ಒಣಮನೆಯ ಜಗುಲಿಯಲ್ಲಿ ಹೊಸದಾಗಿ ಯಾವ ಸ್ವಾತಂತ್ರ್ಯ ಹುಡುಕುತ್ತೀರಿ?

ಹೊರಟವರು: ಓರ್ತಿಸರ ಚಿತ್ರ ಸೊಗಸಾದದ್ದು, ಆದರೆ ಸ್ವಲ್ಪ ಹೆಚ್ಚೇ ಸೊಗಸು. ಹೊಗೆಸೊಪ್ಪಿನ ಹೊಲದಲ್ಲೂ ಗುಲಾಮರು ದುಡಿದಿದ್ದಾರೆ. ಸಣ್ಣ ಹಿಡುವಳಿ ಎಂಬುದು ನಿಜ, ಸ್ವತಂತ್ರ ಎಂಬುದು ಅರ್ಧ ನಿಜ. ನೆಲ ತನ್ನದಾಗಿದ್ದೂ ಮಾರುಕಟ್ಟೆ ತನ್ನದಲ್ಲದ ರೈತನ ಕಥೆ ಅಲ್ಲಿ 300 ವರ್ಷ ಹಳೆಯದು. 1717ರಲ್ಲಿ ಸ್ಪೇನಿನ ದೊರೆ ಕ್ಯೂಬಾದ ಹೊಗೆಸೊಪ್ಪನ್ನೆಲ್ಲ ಅರಮನೆಯೇ ಕೊಳ್ಳಬೇಕು, ಅರಮನೆ ಹೇಳಿದ ಬೆಲೆಗೇ ಕೊಳ್ಳಬೇಕು ಎಂದು ಕಟ್ಟು ಮಾಡಿದ. ಬೆಳೆಗಾರರು ಆ ವರ್ಷವೇ ದಂಗೆ ಎದ್ದರು, 1720ರಲ್ಲಿ ಮತ್ತೆ ಎದ್ದರು, 1723ರಲ್ಲಿ ಮೂರನೆಯ ಸಲ ಎದ್ದಾಗ ಹಿಡಿದವರನ್ನು ಹವಾನಾದ ಹೊರಗೆ ಹೆಸೂಸ್ ದೆಲ್ ಮೊಂತೆಯಲ್ಲಿ ಕೊಂದು ನೇತುಹಾಕಿದರು. ಆ ಏಕಸ್ವಾಮ್ಯ ಕಳಚಿದ್ದು 1817ರಲ್ಲಿ, ಸರಿಯಾಗಿ ಒಂದು ಶತಮಾನಕ್ಕೆ. ಆಮೇಲೆ ವರ್ತಕರು, ಹವಾನಾದ ಕಾರ್ಖಾನೆಯವರು, 1898ರ ನಂತರ ಅಮೆರಿಕದ ಬಂಡವಾಳದವರು ಬಂದರು. 1959ರ ಮೇ ತಿಂಗಳ ಭೂಸುಧಾರಣೆ ಗೇಣಿದಾರನಿಗೆ ನೆಲ ಕೊಟ್ಟಿತು. ಅದು ದೊಡ್ಡ ಮಾತು, ಅದನ್ನು ಕಡೆಗಣಿಸಿ ವಾದ ಗೆಲ್ಲುವ ಇರಾದೆ ನನಗಿಲ್ಲ. ಆದರೆ 1962ರಲ್ಲಿ ಹುಟ್ಟಿದ ಕ್ಯೂಬಟಬಾಕೊ ಎಂಬ ಸರ್ಕಾರಿ ಸಂಸ್ಥೆ ಮತ್ತೆ ಒಂದೇ ಕೈಗೆ ಕೊಳ್ಳುವ ಅಧಿಕಾರ ಕೊಟ್ಟಿತು. ಇವತ್ತು ಎಲೆಯ ವ್ಯವಹಾರ ಟಬಕ್ಯೂಬಾ ಎಂಬ ಸರ್ಕಾರಿ ಸಮೂಹದ್ದು, ಸಿಗಾರನ್ನು ಹೊರದೇಶಕ್ಕೆ ಮಾರುವುದು 1994ರಲ್ಲಿ ಶುರುವಾದ ಹಬಾನೋಸ್ ಕಂಪನಿ, ಅದರಲ್ಲಿ ಅರ್ಧ ಪಾಲು ವಿದೇಶಿಯರದು. ಆ ಕಂಪನಿ 2023ರ ಮಾರಾಟ ಎಂದು ಘೋಷಿಸಿದ್ದು 72 ಕೋಟಿ ಡಾಲರ್. ಖಾತ್ರಿ ಗಿರಾಕಿ ಎಂದಿರಿ. ಖಾತ್ರಿ ಇದೆ, ಬೇಡವೆನ್ನುವುದಿಲ್ಲ. ಆ 72 ಕೋಟಿಯ ಜೊತೆ ತನ್ನ ಎಲೆಯ ದರ ಏರಿತೇ ಎಂದು ಕೇಳಿ ಹಗ್ಗಜಗ್ಗಾಟ ಮಾಡುವುದಕ್ಕೆ ಇನ್ನೊಬ್ಬ ಕೊಳ್ಳುವವನಿಲ್ಲ ಎಂಬುದೂ ಅಷ್ಟೇ ಖಾತ್ರಿ. ಸರ್ಕಾರಕ್ಕೂ ಈ ಬೆಳೆಯ ಒಂದು ಗುಟ್ಟು ಗೊತ್ತು: ಇದನ್ನು ದೊಡ್ಡ ಸರ್ಕಾರಿ ತೋಟದಲ್ಲಿ ಕೂಲಿಯ ಕೈಯಲ್ಲಿ ಬೆಳೆಸಿದರೆ ಎಲೆ ಕೆಡುತ್ತದೆ. ಸಾನ್ ಲೂಯಿಸ್‌ನ ಅಲೆಹಾಂದ್ರೊ ರೊಬೈನಾ, 2010ರಲ್ಲಿ ತೀರಿಕೊಂಡ ಹೆಸರಾಂತ ಬೆಳೆಗಾರ, ಹೊಗೆಸೊಪ್ಪು ಮನೆಮಂದಿ ಬೆಳೆಯಬೇಕಾದ ಬೆಳೆ ಎಂದು ಕಾಸ್ಟ್ರೋಗೇ ಎದುರು ಕೂತು ಹೇಳಿದವರು. ಅವರ ಹೆಸರಿನಲ್ಲೇ ಸರ್ಕಾರ 1997ರಲ್ಲಿ ಒಂದು ಸಿಗಾರ್ ಹೊರತಂದಿತು. ಬೆಳೆಯುವುದು ಮನೆಯವರ ಕೈಯಲ್ಲಿ, ಬೆಲೆ ಮಾತ್ರ ಬೇರೆಯವರ ಕೈಯಲ್ಲಿ. ಈ ಒಪ್ಪಂದದ ಬಿರುಕಿನಲ್ಲಿ ಮೊಳೆತದ್ದು ಒಣಮನೆಯ ಜಗುಲಿ ವ್ಯಾಪಾರ.

ತಡೆದವರು: ಬೆಲೆಯ ಮಾತು ಬೆಲೆಗಾಯಿತು, ಎತ್ತಿನ ಮಾತಿಗೆ ಬನ್ನಿ. 1999ರಲ್ಲಿ ಯುನೆಸ್ಕೋ ಆ ಕಣಿವೆಯನ್ನು ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿತು. ಸುಣ್ಣಕಲ್ಲಿನ ಗುಡ್ಡಗಳ ಜೊತೆಗೆ ಅಲ್ಲಿನ ಹಳೆಯ ಬೇಸಾಯವನ್ನೂ ಪರಂಪರೆ ಎಂದು ಬರೆದುಕೊಂಡಿತು. ಅದರ ಅರ್ಥ ಏನು? ಟ್ರ್ಯಾಕ್ಟರ್ ಕೊಳ್ಳಲಾಗದವನ ಬಡತನಕ್ಕೆ ಪ್ರಮಾಣಪತ್ರ ಕೊಟ್ಟಂತೆ. ಸೋವಿಯತ್ ಒಕ್ಕೂಟ ಮುಳುಗಿದ ಮೇಲೆ ಡೀಸೆಲ್ ಬರಲಿಲ್ಲ, ಜನ ಎತ್ತಿಗೆ ಮರಳಿದರು. ಗತಿಯಿಲ್ಲದ್ದಕ್ಕೆ ನಾವು ಹೋಗಿ ಪರಂಪರೆ ಎಂದು ಚಪ್ಪಾಳೆ ತಟ್ಟುವುದು ಸಭ್ಯತೆಯಲ್ಲ.

ಹೊರಟವರು: ನೀವು ಹೇಳಿದ್ದರಲ್ಲಿ ಅರ್ಧ ಸರಿ, ಆ ಅರ್ಧಕ್ಕೆ ಉತ್ತರ ನನ್ನಲ್ಲಿಲ್ಲ. 1991ರ ನಂತರದ ಕೊರತೆಯ ಕಾಲದಲ್ಲಿ ಇಡೀ ಕ್ಯೂಬಾ ಎತ್ತಿಗೆ ಮರಳಿದ್ದು ಶೋಕಿಗಲ್ಲ. ಆದರೆ ಒಂದೊಂದು ಕೆಲಸವನ್ನೂ ಬಿಡಿಬಿಡಿಯಾಗಿ ನೋಡಬೇಕು. ಎಲ್ಲವನ್ನೂ ಒಟ್ಟು ಹಾಕಿ ಬಡತನ ಎಂದರೂ ತಪ್ಪು, ಪರಂಪರೆ ಎಂದರೂ ತಪ್ಪು. ಹೊಗೆಸೊಪ್ಪಿನ ಬೀಜ ಒಂದು ಗ್ರಾಮಿಗೆ ಹತ್ತು ಸಾವಿರಕ್ಕೂ ಹೆಚ್ಚು ಬರುತ್ತದೆ, ಅಷ್ಟು ಸಣ್ಣದು. ಮಡಿಯಲ್ಲಿ ಸಸಿ ಮಾಡಿ, ಸುಮಾರು ಒಂದೂವರೆ ತಿಂಗಳಿಗೆ ಕಿತ್ತು, ಮಳೆಗಾಲ ಮುಗಿದ ಮೇಲೆ ಹೊಲಕ್ಕೆ ನಾಟಬೇಕು. ಆಮೇಲೆ ಕುಡಿ ಚಿವುಟಬೇಕು, ಕಂಕುಳಲ್ಲಿ ಒಡೆದ ಚಿಗುರು ತೆಗೆಯಬೇಕು, ಅದೂ ಮತ್ತೆ ಮತ್ತೆ. ಜನವರಿಯಿಂದ ಎಲೆ ಮುರಿಯುವುದು ಶುರು. ಗಿಡಕ್ಕೆ ಗಿಡ ಕೊಯ್ಯುವ ಹಾಗಿಲ್ಲ. ಬುಡದಿಂದ ಮೇಲಕ್ಕೆ ಎರಡು ಮೂರು ಎಲೆ ಮುರಿದು, ಕೆಲವು ದಿನ ಬಿಟ್ಟು ಅದರ ಮೇಲಿನವು. ಬುಡದ ಎಲೆ ಸೌಮ್ಯ, ಬೇಗ ಉರಿಯುತ್ತದೆ. ತುದಿಯ ಎಲೆ ಬಿಸಿಲುಂಡು ದಪ್ಪ, ಖಾರ. ಒಂದೇ ಗಿಡದ ಈ ವ್ಯತ್ಯಾಸವೇ ಸಿಗಾರಿನ ರುಚಿಯ ಲೆಕ್ಕಾಚಾರ, ಇದನ್ನು ಇವತ್ತಿಗೂ ಕೈಯೇ ಮಾಡಬೇಕು. ಸಾಲಿನ ನಡುವೆ ಎತ್ತು ಹೊಕ್ಕಷ್ಟು ಹಗುರವಾಗಿ ಟ್ರ್ಯಾಕ್ಟರ್ ಹೋಗುವುದಿಲ್ಲ, ಸಡಿಲ ಮಣ್ಣು ಗಟ್ಟಿಯಾಗುತ್ತದೆ. ಒಣಮನೆಯನ್ನೇ ನೋಡಿ. ಮರದ ಗೋಡೆ, ತಾಳೆಗರಿಯ ಕಡಿದಾದ ಮಾಡು, ಉದ್ದಕ್ಕೆ ಪೂರ್ವಪಶ್ಚಿಮವಾಗಿ ಕಟ್ಟಿದ್ದು. ಬೆಳಗಿನ ಬಿಸಿಲು ಒಂದು ಕಿರುಗೋಡೆಗೆ, ಸಂಜೆಯದು ಇನ್ನೊಂದಕ್ಕೆ. ಉದ್ದದ ಗೋಡೆಗಳು ಬಚಾವ್. ಒಳಗೆ ಜೋಡಿ ಜೋಡಿ ಎಲೆಯನ್ನು ತೊಟ್ಟಿನ ಹತ್ತಿರ ಸೂಜಿದಾರದಿಂದ ಪೋಣಿಸಿ ಉದ್ದನೆಯ ಗಳಕ್ಕೆ ಇಳಿಬಿಟ್ಟಿರುತ್ತಾರೆ. ಹಸಿರು ಎಲೆಯ ಗಳ ನೆಲದ ಹತ್ತಿರ. ಹಳದಿಗೆ ತಿರುಗಿದಂತೆ ಒಂದೊಂದೇ ಅಟ್ಟಣೆ ಮೇಲಕ್ಕೆ. ಸುಮಾರು 50 ದಿನದಲ್ಲಿ ಮಾಡಿನ ಹತ್ತಿರ ಕಂದು. ಬೆಂಕಿ ಇಲ್ಲ, ಬಾಗಿಲು ಕಿಟಕಿ ತೆರೆದು ಮುಚ್ಚಿ ಗಾಳಿಯಲ್ಲೇ ಹದ ಮಾಡುವುದು. ಇದರಲ್ಲಿ ಡೀಸೆಲ್ ಇದ್ದರೂ ಬದಲಾಗದ್ದು ಬಹಳ ಇದೆ. ಬದಲಾಗಬೇಕಾದದ್ದೂ ಇದೆ, ನೀರೆತ್ತುವ ಪಂಪಿಗೆ ಎಣ್ಣೆ ಇಲ್ಲದಿರುವುದನ್ನು ಪರಂಪರೆ ಎನ್ನುವವನು ನಾನಲ್ಲ. ಯುನೆಸ್ಕೋದ ಪಟ್ಟಿ ಇವೆರಡನ್ನೂ ಬೇರ್ಪಡಿಸದೆ ಬರೆದುಕೊಂಡಿತು ಎಂಬ ನಿಮ್ಮ ಸಿಟ್ಟು ಅಲ್ಲಿಗೆ ನ್ಯಾಯವಾದದ್ದೇ.

ತಡೆದವರು: ಹಾಗಾದರೆ ಹುಣಸೂರಿಗೆ ಯಾಕೆ ಹೋಗಬಾರದು? ಪಿರಿಯಾಪಟ್ಟಣ, ಎಚ್.ಡಿ. ಕೋಟೆ, ಆ ಕಡೆ ರಾಮನಾಥಪುರ, ಎಲ್ಲ ಕಡೆ ಸೊಪ್ಪು ಬೆಳೆಯುತ್ತಾರೆ, ಅಲ್ಲೂ ಮನೆಮಂದಿಯೇ ದುಡಿಯುವುದು. ಅವರ ಜಗುಲಿಗೆ ಯಾವ ಪ್ರವಾಸಿಯೂ ಬಂದು ಕೂರಲಿಲ್ಲ. ಕಡಲಾಚೆಯವನ ಕಷ್ಟ ಕಣ್ಣಿಗೆ ಚಂದ ಕಾಣುತ್ತದೆ ಅಷ್ಟೆ.

ಹೊರಟವರು: ಈ ಪ್ರಶ್ನೆಗೆ ಕಾಯುತ್ತಿದ್ದೆ, ಯಾಕೆಂದರೆ ನನ್ನ ವಾದಕ್ಕೆ ದೊಡ್ಡ ಸಾಕ್ಷಿ ಹುಣಸೂರೇ. ನಮ್ಮದು ವರ್ಜೀನಿಯಾ ಸೊಪ್ಪು. ಮುರಿದು, ಕಡ್ಡಿಗೆ ಕಟ್ಟಿ, ಬ್ಯಾರನ್ನಿಗೆ ತುಂಬಿ, ಸೌದೆ ಉರಿಸಿ, ಕೊಳವೆಯಲ್ಲಿ ಹಾಯುವ ಬಿಸಿಗೆ ಕೆಲವೇ ದಿನಗಳಲ್ಲಿ ಬೇಯಿಸುವುದು. ರಾತ್ರಿಯೆಲ್ಲ ಉರಿ ಕಾಯಬೇಕು, ಹದ ತಪ್ಪಿದರೆ ಬ್ಯಾರನ್ನಿಗೆ ಬ್ಯಾರನ್ನೇ ಹಾಳು. ಕೌಶಲ ಕಡಿಮೆಯೇನಲ್ಲ. ಆದರೆ ಬೆಂದು ಹೊನ್ನಿನ ಬಣ್ಣಕ್ಕೆ ಬಂದ ಸೊಪ್ಪು ರೈತನ ಮನೆಯಲ್ಲಿ ಇನ್ನೂ ಏನೂ ಅಲ್ಲ. ಅದು ಸಿಗರೇಟ್ ಆಗಬೇಕಾದರೆ ಕಾರ್ಖಾನೆ ಬೇಕು, ಯಂತ್ರ ಬೇಕು, ಕಾಗದ ಬೇಕು, ಬೇರೆ ಬೇರೆ ಸೊಪ್ಪಿನ ಮಿಶ್ರಣ ಬೇಕು. ಹಾಗಾಗಿ ಬೇಲ್ ಕಟ್ಟಿ ಹರಾಜು ಕಟ್ಟೆಗೆ ಒಯ್ಯುವುದೊಂದೇ ದಾರಿ. 1975ರ ಕಾಯ್ದೆಯಿಂದ ತಂಬಾಕು ಮಂಡಳಿ ಬಂತು, 1984ರಲ್ಲಿ ಕರ್ನಾಟಕದಲ್ಲಿ ಹರಾಜು ಶುರುವಾಯಿತು. ಅದಕ್ಕೆ ಮುಂಚಿನ ಖಾಸಗಿ ವ್ಯವಹಾರಕ್ಕಿಂತ ಇದು ಮೇಲೆಂದು ಬೆಳೆಗಾರರೇ ಹೇಳುತ್ತಾರೆ. ಆದರೂ ಎಷ್ಟು ಬೆಳೆಯಬೇಕು ಎಂದು ಮಂಡಳಿ ಮಿತಿ ಹಾಕುತ್ತದೆ, ಕೂಗುವವರು ಬೆರಳೆಣಿಕೆಯ ಕಂಪನಿಯವರು, ದರ ಕುಸಿದ ದಿನ ರೈತ ಹರಾಜು ನಿಲ್ಲಿಸಿ ಗಲಾಟೆ ಮಾಡುವುದು ಬಿಟ್ಟರೆ ಬೇರೆ ಅಸ್ತ್ರವಿಲ್ಲ. ಇನ್ನು ನಿಪ್ಪಾಣಿಯ ಬೀಡಿ ತಂಬಾಕು. 1981ರಲ್ಲಿ ರೈತ ಮುಖಂಡ ಶರದ್ ಜೋಶಿ ಮುಂದಾಳತ್ವದಲ್ಲಿ ಬೆಳೆಗಾರರು ನ್ಯಾಯದ ಬೆಲೆ ಕೇಳಿ ಹೆದ್ದಾರಿಯಲ್ಲಿ ಕೂತಾಗ ಪೊಲೀಸರ ಗುಂಡಿಗೆ ರೈತರು ಸತ್ತರು. 1723ರ ಹವಾನಾಕ್ಕೂ 1981ರ ನಿಪ್ಪಾಣಿಗೂ ನಡುವೆ ಎರಡೂವರೆ ಶತಮಾನ ಇದೆ, ಜಗಳದ ವಿಷಯ ಮಾತ್ರ ಅದೇ: ಈ ಎಲೆಗೆ ಬೆಲೆ ಹೇಳುವವರು ಯಾರು?

ವಿನ್ಯಾಲೆಸ್‌ನಲ್ಲಿ ಈ ಜಗಳಕ್ಕೆ ಒಂದು ಸಣ್ಣ ಪಕ್ಕದ ಬಾಗಿಲು ತೆರೆದದ್ದು ಹೇಗೆ ಎಂದರೆ, ಸಿಗಾರನ್ನು ಮನೆಯಲ್ಲೇ ಪೂರ್ತಿ ಮಾಡಬಹುದು. ಅದಕ್ಕೆ ಬೇಕಾದ್ದು ಹದವಾದ ಎಲೆ, ಒಂದು ಹಲಗೆ, ಅರ್ಧಚಂದ್ರದಂಥ ಒಂದು ಕತ್ತಿ, ಪಳಗಿದ ಬೆರಳು. ಒಳಗೆ ಮಡಚಿ ತುಂಬುವ ಎಲೆಗಳು, ಅವನ್ನು ಹಿಡಿದು ಕಟ್ಟುವ ಎಲೆ, ಮೇಲೆ ಸುತ್ತುವ ನಯವಾದ ಎಲೆ. ಕಾರ್ಖಾನೆಯಲ್ಲಿ ಬಿಗಿ ಪರೀಕ್ಷೆ, ಅಂಟು, ಪಟ್ಟಿ, ಪೆಟ್ಟಿಗೆ ಎಲ್ಲ ಇರುತ್ತದೆ. ಒಣಮನೆಯಲ್ಲಿ ಅವಿಲ್ಲ, ಆದರೂ ಆದದ್ದು ಸಿಗಾರೇ. ಬೀಜದಿಂದ ಬಳಸುವ ಸರಕಿನವರೆಗೆ ಎಲ್ಲ ಒಂದೇ ಸೂರಿನಡಿ ಮುಗಿಯುತ್ತದೆ. ಹುಣಸೂರಿನ ಜಗುಲಿಗೆ ಪ್ರವಾಸಿ ಬಂದು ಕೂತರೂ ರೈತ ಅವನ ಕೈಗೆ ಕೊಡುವುದಕ್ಕೆ ಏನೂ ಇಲ್ಲ. ಪ್ರವಾಸಿಯ ಕಣ್ಣಿಗೆ ಒಂದು ಕಡೆ ಚಂದ, ಇನ್ನೊಂದು ಕಡೆ ಸಪ್ಪೆ ಕಂಡರೆ ಅದರ ಬೇರು ಇಲ್ಲಿದೆ.

ತಡೆದವರು: ಕೈಗೆ ಕೊಡುವುದು ವಿಷ ಎಂಬುದನ್ನು ಎಷ್ಟು ಸಲೀಸಾಗಿ ಹಾರಿಬಿಟ್ಟಿರಿ! ಅದರ ಮೇಲೆ ಸುಳ್ಳು ಬೇರೆ. ಎಲೆಯ ನಡುನರ ತೆಗೆದುಬಿಟ್ಟರೆ ನಿಕೋಟಿನ್ ಎಲ್ಲ ಹೋಯಿತು, ನಮ್ಮ ಸಿಗಾರ್ ಅಪಾಯವಿಲ್ಲ ಎಂದು ಅಲ್ಲಿ ಬಂದವರಿಗೆಲ್ಲ ಹೇಳುತ್ತಾರೆ. ಕೇಳಿದವರು ತಲೆಯಾಡಿಸಿ ಹೊಗೆ ಬಿಡುತ್ತಾರೆ. ನಿಮ್ಮ ಸ್ವತಂತ್ರ ವ್ಯಾಪಾರ ನಿಂತಿರುವುದು ಈ ಕಟ್ಟುಕಥೆಯ ಮೇಲೆ.

ಹೊರಟವರು: ಆ ಮಾತು ಸುಳ್ಳೇ. ನಡುನರದಲ್ಲಿ ನಿಕೋಟಿನ್ ಕಡಿಮೆ, ಎಲೆಯ ಹಾಳೆಯಲ್ಲೇ ಹೆಚ್ಚು. ನರ ತೆಗೆಯುವುದು ಸಿಗಾರ್ ಸಮವಾಗಿ ಉರಿಯಲಿ, ಸುತ್ತುವಾಗ ಹರಿಯದಿರಲಿ ಎಂದು. ಸಿಗಾರಿನ ಹೊಗೆ ಒಳಗೆಳೆದುಕೊಳ್ಳದಿದ್ದರೂ ಬಾಯಿ, ಗಂಟಲಿನ ಕ್ಯಾನ್ಸರಿಗೆ ದಾರಿಯೇ. ಬೆಳೆಯುವವನಿಗೂ ಎಲೆ ಸುಮ್ಮನೆ ಬಿಡುವುದಿಲ್ಲ. ಇಬ್ಬನಿಯಲ್ಲಿ ಒದ್ದೆಯಾದ ಸೊಪ್ಪು ಮುರಿಯುವವರ ಚರ್ಮದ ಮೂಲಕ ನಿಕೋಟಿನ್ ಒಳಗಿಳಿದು ವಾಂತಿ, ತಲೆಸುತ್ತು ಬರುತ್ತದೆ, ಹುಣಸೂರಾಗಲಿ, ವಿನ್ಯಾಲೆಸ್ ಇರುವ ಪಿನಾರ್ ದೆಲ್ ರಿಯೋ ಪ್ರಾಂತ್ಯವಾಗಲಿ. ಈ ಯಾವುದನ್ನೂ ಮುಚ್ಚಿಟ್ಟು ನಾನು ಹೊರಡುವುದಿಲ್ಲ. ಆದರೆ ನಿಮ್ಮ ಆಕ್ಷೇಪವನ್ನು ಅದರ ಕೊನೆಯವರೆಗೂ ಎಳೆದು ನೋಡೋಣ. ಹೊಗೆಸೊಪ್ಪು ಕಡಿಮೆಯಾಗಬೇಕು ಎಂದರೆ ಬೆಳೆಯುವವನು ಅದನ್ನು ಬಿಟ್ಟು ಬದುಕುವಂತಾಗಬೇಕು. ತಂಬಾಕು ನಿಯಂತ್ರಣದ ಅಂತಾರಾಷ್ಟ್ರೀಯ ಒಪ್ಪಂದ 2005ರಲ್ಲಿ ಜಾರಿಗೆ ಬಂತು, ಅದರ 17ನೆಯ ವಿಧಿ ಹೇಳುವುದೂ ಬೆಳೆಗಾರರಿಗೆ ಬೇರೆ ಜೀವನೋಪಾಯ ಒದಗಿಸಿ ಎಂದೇ. ಭಾರತ 2004ರಲ್ಲೇ ಒಪ್ಪಂದವನ್ನು ಸ್ಥಿರೀಕರಿಸಿತು. ಕ್ಯೂಬಾ ಅದೇ ವರ್ಷ ಸಹಿ ಹಾಕಿ, ಸ್ಥಿರೀಕರಿಸದೆ ಬಿಟ್ಟಿದೆ. ಸಿಗಾರಿನ ಡಾಲರ್ ಬಿಟ್ಟು ಬದುಕುವ ಧೈರ್ಯ ಆ ಸರ್ಕಾರಕ್ಕಿಲ್ಲ. ಸ್ಥಿರೀಕರಿಸಿದ ನಮ್ಮಲ್ಲಿ ಬ್ಯಾರನ್ ಬಿಟ್ಟು ಬಂದ ರೈತನಿಗೆ ಅಷ್ಟೇ ಹಣ ಕೊಡುವ ಬೆಳೆ ತೋರಿಸಿದ್ದೇವೆಯೇ? ಮುಸುಕಿನ ಜೋಳ, ಶುಂಠಿ ಎಂದು ಹೆಸರು ಹೇಳುತ್ತೇವೆ. ಶುಂಠಿಯ ಬೆಲೆ ನೆಚ್ಚಿ ಕೆಟ್ಟವರ ಲೆಕ್ಕ ಎಚ್.ಡಿ. ಕೋಟೆಯವರನ್ನೇ ಕೇಳಬೇಕು. ಅತ್ತ ವಿನ್ಯಾಲೆಸ್‌ನಲ್ಲಿ, ಯಾವ ಒಪ್ಪಂದದ ನೆರವೂ ಇಲ್ಲದೆ, ರೈತರ ಮನೆಗೆ ಎಲೆಯಲ್ಲದ ಒಂದು ಸಂಪಾದನೆ ಬಂದಿದೆ: 1997ರಿಂದ ಕಾನೂನಿನ ಒಪ್ಪಿಗೆಯೊಂದಿಗೆ ಬಾಡಿಗೆಗೆ ಕೊಡುವ ಕೋಣೆ, ಕುದುರೆ ಸವಾರಿ, ಊಟ, ಜಗುಲಿಯ ಮಾತು. ಹೊಗೆಸೊಪ್ಪಿಗೆ ಬೆನ್ನು ತಿರುಗಿಸುವ ಶಕ್ತಿ ಒಂದು ದಿನ ಯಾರಿಗಾದರೂ ಬಂದರೆ ಅದು ಇಂಥ ಎರಡನೆಯ ಸಂಪಾದನೆ ಇದ್ದವರಿಗೇ ಬರುವುದು. ನಡುನರದ ಸುಳ್ಳು ಹೇಳಿದರೆ ನಗುತ್ತಾ ಇಲ್ಲ ಎನ್ನೋಣ. ಹೋಗದೆ ಉಳಿದರೆ ಸುಳ್ಳೂ ಉಳಿಯುತ್ತದೆ, ಎರಡನೆಯ ಸಂಪಾದನೆಯೂ ಹೋಗುತ್ತದೆ.

ತಡೆದವರು: ಆ ಎರಡನೆಯ ಸಂಪಾದನೆ ಎಷ್ಟು ಗಟ್ಟಿ? 2020ರಲ್ಲಿ ಕೋವಿಡ್ ಬಂದು ಪ್ರವಾಸಿಗಳು ನಿಂತರು, ಜಗುಲಿ ಖಾಲಿ. ಅದೂ ರಸ್ತೆಯ ಬದಿಯವನಿಗೆ ಸಿಕ್ಕೀತು, ಒಳಗಿನ ಹೊಲದವನಿಗೆ?

ಹೊರಟವರು: ಗಟ್ಟಿಯಿಲ್ಲ, ಸಮನಾಗಿ ಹಂಚಿಯೂ ಹೋಗುವುದಿಲ್ಲ. ಇನ್ನೊಂದು ವಿಚಿತ್ರ ನೋಡಿ: ಹೆಸರಾಂತ ಎಲೆ ಬೆಳೆಯುವುದು ವಿನ್ಯಾಲೆಸ್‌ನಲ್ಲಲ್ಲ, ಅಲ್ಲಿಂದ ದಕ್ಷಿಣಕ್ಕೆ, ಸಾನ್ ಲೂಯಿಸ್ ಮತ್ತು ಸಾನ್ ಹುವಾನ್ ಇ ಮಾರ್ತಿನೆಸ್ ಕಡೆಯ ಬಯಲಿನಲ್ಲಿ. ಅಲ್ಲಿ ಗುಡ್ಡಗಳ ನೋಟವಿಲ್ಲ, ಬಸ್ಸು ತುಂಬಿ ಬರುವ ಪ್ರವಾಸಿಗಳೂ ಇಲ್ಲ. ಎಲೆಯ ಗುಣಕ್ಕೂ ಜಗುಲಿಯ ಗಳಿಕೆಗೂ ಸಂಬಂಧವೇ ಇಲ್ಲ ಎಂಬುದು ಇದರಿಂದಲೇ ಗೊತ್ತಾಗುತ್ತದೆ. ಇದು ನನ್ನ ವಾದಕ್ಕೆ ಅನುಕೂಲ, ಬಯಲಿನವರಿಗೆ ಅನುಕೂಲವಲ್ಲ. ಆದರೆ ಗಟ್ಟಿತನದ ಮಾತು ಬಂದರೆ ಎಲೆಯೂ ಗಟ್ಟಿಯಲ್ಲ. 2022ರ ಸೆಪ್ಟೆಂಬರ್ 27ರಂದು ಇಯಾನ್ ಚಂಡಮಾರುತ ಪಿನಾರ್ ದೆಲ್ ರಿಯೋ ಮೇಲೆ ಹಾದಾಗ ಸಾವಿರಾರು ಒಣಮನೆಗಳು ನೆಲಕಚ್ಚಿದವು, ಅದೂ ಸಸಿ ಮಡಿ ಮಾಡುವ ಹೊತ್ತಿಗೆ. ಎರಡೂ ಅಭದ್ರವಾಗಿರುವಾಗ ಒಂದನ್ನೇ ನೆಚ್ಚು ಎಂದು ರೈತನಿಗೆ ಹೇಳಲು ನಮಗೇನು ಅಧಿಕಾರ? ಎರಡು ಇದ್ದರೆ ಒಂದು ಮುರಿದಾಗ ಇನ್ನೊಂದು.

ತಡೆದವರು: ಸರಿ, ಹೊರಡಿ. ಸಿಗಾರ್ ಕೊಳ್ಳುತ್ತೀರೋ?

ಹೊರಟವರು: ಪಟ್ಟಿ, ಪೆಟ್ಟಿಗೆ ಇಲ್ಲದ ಬಿಡಿ ಸಿಗಾರ್ ಇಪ್ಪತ್ತಕ್ಕಿಂತ ಹೆಚ್ಚಿದ್ದರೆ ಹವಾನಾದ ಸುಂಕದವರು ತಡೆಯುತ್ತಾರೆ. ಅಷ್ಟೂ ನನಗೆ ಬೇಕಿಲ್ಲ. ಅದೇ ಜಗುಲಿಗಳಲ್ಲಿ ಮನೆಯಲ್ಲೇ ಹುರಿದ ಕಾಫಿ, ಜೇನು ಮಾರುತ್ತಾರೆ. ಅದನ್ನು ಕೊಳ್ಳುತ್ತೇನೆ, ರೈತ ಹೇಳಿದ ದರಕ್ಕೆ.

ತಡೆದವರು: ಚೌಕಾಸಿ ಮಾಡದೆ?

ಹೊರಟವರು: ಮಾಡುತ್ತೇನೆ ಮೇಷ್ಟ್ರೇ. ಅದಾದರೂ ನಡೆಯಲಿ, ಎಲೆಯ ವ್ಯಾಪಾರದಲ್ಲಿ ಅವನಿಗೆ ಅಷ್ಟೂ ಸಿಗುವುದಿಲ್ಲ.